ಚಳಿಗಾಲದ ಟೋಕಿಯೊ: ಕಡಿಮೆ ಖರ್ಚಿನಲ್ಲಿ ನಾಲ್ಕು ರಾತ್ರಿ, ಐದು ಹಗಲು

ಟೋಕಿಯೊ ದುಬಾರಿ ಎನ್ನುವ ಮಾತು ಅರ್ಧ ಮಾತ್ರ ನಿಜ. ಊರೊಳಗೆ ಕಾಲಿಟ್ಟ ಮೇಲೆ 500 ಯೆನ್‌ಗೆ ಹೊಟ್ಟೆ ತುಂಬುತ್ತದೆ, 200 ಯೆನ್ ಆಸುಪಾಸಿಗೆ ಮೆಟ್ರೊ ಹತ್ತಬಹುದು, ನೋಡಲೇಬೇಕಾದ ಜಾಗಗಳಲ್ಲಿ ಅರ್ಧದಷ್ಟು ಪುಕ್ಕಟೆ. ಜೇಬಿಗೆ ಕತ್ತರಿ ಬೀಳುವುದು ಅದಕ್ಕೂ ಮೊದಲೇ. ತಪ್ಪು ವಾರ ಆರಿಸಿಕೊಂಡರೆ, ತಪ್ಪು ಬಡಾವಣೆಯಲ್ಲಿ ರೂಮ್ ಹಿಡಿದರೆ, ವಿಮಾನ ಅಪವೇಳೆಯಲ್ಲಿ ಇಳಿದರೆ, ಆಮೇಲೆ ಮೂರು ಹೊತ್ತೂ ಬನ್ನು ತಿಂದು ಉಳಿಸಿದರೂ ಹೋದದ್ದು ವಾಪಸ್ ಬರುವುದಿಲ್ಲ.

ಚಳಿಗಾಲದಲ್ಲಿ ಇದರ ಜೊತೆಗೆ ಹಗಲಿನ ಚಿಂತೆಯೂ ಇದೆ. ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಸಂಜೆ 4:30ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಜನವರಿ ಕೊನೆಗೆ 5 ಗಂಟೆ, ಫೆಬ್ರವರಿ ಕೊನೆಗೆ 5:30. ಬೆಳಕು ಹರಿಯುವುದು 6:50ರ ಸುಮಾರಿಗೆ. ಬೆಳಗ್ಗೆ 10ಕ್ಕೆ ಎದ್ದು ಹೊರಟರೆ ಕೈಯಲ್ಲಿ ಉಳಿಯುವುದು ಆರು ಗಂಟೆ ಹಗಲು. ಆದ್ದರಿಂದ ಇಲ್ಲಿ ಹೇಳುವ ಪ್ರತಿ ಹೆಜ್ಜೆಯೂ ಎರಡೇ ಪ್ರಶ್ನೆಗೆ ಉತ್ತರ: ಯಾವ ದಿನ ಅಗ್ಗ, ಮತ್ತು ಬೆಳಕಿರುವಾಗ ಎಲ್ಲಿರಬೇಕು.

ಹೆಜ್ಜೆ 1: ವಾರ ಗೊತ್ತುಮಾಡಿ

ಡಿಸೆಂಬರ್ 25ರಿಂದ ಜನವರಿ 5ರವರೆಗಿನ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಹೊಡೆದುಹಾಕಿ. ಜಪಾನಿನಲ್ಲಿ ಹೊಸವರ್ಷವೇ ದೊಡ್ಡ ಹಬ್ಬ. ವಿಮಾನದ ಟಿಕೆಟ್ ಆಕಾಶಕ್ಕೇರಿರುತ್ತದೆ. ದುಡ್ಡು ಕೊಟ್ಟು ಹೋದರೂ ಡಿಸೆಂಬರ್ 29ರಿಂದ ಜನವರಿ 3ರವರೆಗೆ ಬಹುಪಾಲು ಮ್ಯೂಸಿಯಂ, ಉದ್ಯಾನ, ಊಟದ ಸಣ್ಣ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಜನವರಿಯ ಮೊದಲ ಮೂರು ದಿನ ಮೇಜಿ ದೇಗುಲಕ್ಕೆ ಬರುವ ಜನ ಸುಮಾರು 30 ಲಕ್ಷ. ಆ ಸಾಲಿನಲ್ಲಿ ನಿಲ್ಲಬೇಕೆಂಬ ಆಸೆ ಇದ್ದರೆ ಬೇರೆ ಮಾತು, ಖರ್ಚು ಉಳಿಸುವ ಆಸೆ ಇದ್ದರೆ ಅಲ್ಲ.

ಅಗ್ಗದ ಕಿಟಕಿ ಜನವರಿ 10ರ ನಂತರ ತೆರೆದು ಫೆಬ್ರವರಿ ಕೊನೆಯವರೆಗೆ ಇರುತ್ತದೆ. ಅದರೊಳಗೂ ಮೂರು ಮುಳ್ಳುಗಳಿವೆ. ಮೊದಲನೆಯದು ಚಾಂದ್ರಮಾನ ಹೊಸವರ್ಷ. ಜನವರಿ 21ರಿಂದ ಫೆಬ್ರವರಿ 20ರೊಳಗೆ ಪ್ರತಿ ವರ್ಷ ಬೇರೆ ದಿನ ಬೀಳುವ ಈ ಹಬ್ಬಕ್ಕೆ ಚೀನಾ, ತೈವಾನ್, ಸಿಂಗಪುರದ ಜನ ರಜೆ ಹಾಕಿ ಬರುತ್ತಾರೆ, ರೂಮ್ ಬಾಡಿಗೆ ಏರುತ್ತದೆ. ಎರಡನೆಯದು ಜಪಾನಿನ ಸಾರ್ವಜನಿಕ ರಜೆಗಳು: ಜನವರಿಯ ಎರಡನೇ ಸೋಮವಾರ, ಫೆಬ್ರವರಿ 11, ಫೆಬ್ರವರಿ 23. ಇವು ವಾರಾಂತ್ಯಕ್ಕೆ ಅಂಟಿಕೊಂಡಿದ್ದರೆ ಆ ರಾತ್ರಿಗಳೆಲ್ಲ ಶನಿವಾರದ ದರಕ್ಕೆ ಹೋಗುತ್ತವೆ. ಮೂರನೆಯದು ಶನಿವಾರವೇ. ಒಂದೇ ರೂಮು, ಅದೇ ಹಾಸಿಗೆ, ಶನಿವಾರ ರಾತ್ರಿ ಮಾತ್ರ ಒಂದೂವರೆ ಪಟ್ಟು ಕೇಳುವ ಹೋಟೆಲುಗಳು ಬೇಕಾದಷ್ಟಿವೆ.

ಹಾಗಾಗಿ ನಾಲ್ಕು ರಾತ್ರಿಯ ಪ್ರವಾಸಕ್ಕೆ ಭಾನುವಾರ ಇಳಿದು ಗುರುವಾರ ಹೊರಡುವ ಜೋಡಣೆ ಚೆನ್ನಾಗಿ ಕೂರುತ್ತದೆ. ಭಾನು, ಸೋಮ, ಮಂಗಳ, ಬುಧ, ನಾಲ್ಕೂ ಅಗ್ಗದ ರಾತ್ರಿಗಳು. ಮುಂದೆ ಕೊಟ್ಟಿರುವ ದಿನಚರಿಯೂ ಇದನ್ನೇ ಆಧರಿಸಿದೆ.

ಹವೆಯ ಬಗ್ಗೆ ಹೆದರಿಕೆ ಬೇಡ. ಜನವರಿಯಲ್ಲಿ ಮಧ್ಯಾಹ್ನ ಸುಮಾರು 10 ಡಿಗ್ರಿ, ಬೆಳಗಿನ ಜಾವ 1 ಡಿಗ್ರಿ ಆಸುಪಾಸು. ಮಳೆ ಕಡಿಮೆ, ಆಕಾಶ ನೀಲಿ. ಹಿಮ ಬಿದ್ದರೆ ಚಳಿಗಾಲವಿಡೀ ಎಣಿಸಿ ಕೆಲವೇ ದಿನ. ಫ್ಯೂಜಿ ಪರ್ವತ ಸುಮಾರು 100 ಕಿಲೋಮೀಟರ್ ದೂರದಿಂದಲೇ ಕಾಣುವ ಕಾಲವೂ ಇದೇ. ಬೇಸಿಗೆಯಲ್ಲಿ ವಾರಗಟ್ಟಲೆ ಮಂಜಿನಲ್ಲಿ ಅಡಗಿರುವ ಅದು ಜನವರಿಯ ಬೆಳಗ್ಗೆ ಕಟ್ಟಡಗಳ ಹಿಂದೆ ಬೆಳ್ಳಗೆ ನಿಂತಿರುತ್ತದೆ.

ಹೆಜ್ಜೆ 2: ವಿಮಾನ ಇಳಿಯುವ ಹೊತ್ತು ನೋಡಿ, ಟಿಕೆಟ್ ದರ ಆಮೇಲೆ

ಟೋಕಿಯೊಗೆ ಎರಡು ವಿಮಾನ ನಿಲ್ದಾಣ. ಹಾನೆದಾ ಊರಿಗೆ ಅಂಟಿಕೊಂಡಂತಿದೆ. ನರಿತಾ ನಗರದ ಮಧ್ಯದಿಂದ ಸುಮಾರು 60 ಕಿಲೋಮೀಟರ್. ಅಗ್ಗದ ವಿಮಾನಗಳು ಹೆಚ್ಚಾಗಿ ನರಿತಾಕ್ಕೆ ಬರುತ್ತವೆ, ಅದರಲ್ಲಿ ತಪ್ಪೇನಿಲ್ಲ, ಹೊತ್ತು ಸರಿಯಿದ್ದರೆ. ರಾತ್ರಿ 9:30ಕ್ಕೆ ನರಿತಾದಲ್ಲಿ ಇಳಿಯುವ ವಿಮಾನ ಅರ್ಧ ಗಂಟೆ ತಡವಾಯಿತೆನ್ನಿ. ಇಮಿಗ್ರೇಶನ್, ಲಗೇಜು, ಕಸ್ಟಮ್ಸ್ ಮುಗಿಯುವಷ್ಟರಲ್ಲಿ 11 ಆಗುತ್ತದೆ, ಊರಿಗೆ ಹೋಗುವ ರೈಲುಗಳು ಮುಗಿಯುತ್ತಾ ಬಂದಿರುತ್ತವೆ. ಅಲ್ಲಿಂದ ಟ್ಯಾಕ್ಸಿ ಹಿಡಿದರೆ ನಾಲ್ಕು ರಾತ್ರಿಯ ಹಾಸ್ಟೆಲ್ ಬಾಡಿಗೆ ಒಂದೇ ಸವಾರಿಯಲ್ಲಿ ಕರಗುತ್ತದೆ. ನರಿತಾಕ್ಕೆ ರಾತ್ರಿ 8ರೊಳಗೆ, ಹಾನೆದಾಕ್ಕೆ 10ರೊಳಗೆ ಇಳಿಯುವ ಟಿಕೆಟನ್ನೇ ಹುಡುಕಿ. ಬೆಳಗ್ಗೆ ಇಳಿಯುವುದಾದರೆ ಇನ್ನೂ ಒಳ್ಳೆಯದು, ಅರ್ಧ ದಿನ ಬೋನಸ್.

ನಡುವೆ ವಿಮಾನ ಬದಲಿಸುವ ಅಗ್ಗದ ಟಿಕೆಟ್ ಕೊಳ್ಳುವಾಗ ಬ್ಯಾಗಿನ ತೂಕ ನೋಡಿ. ಕೈಚೀಲಕ್ಕೆ 7 ಕಿಲೋ ಎನ್ನುವ ಮಿತಿ ಬೇಸಿಗೆಯಲ್ಲಿ ಸಾಕಾಗುತ್ತದೆ, ಚಳಿಗಾಲದಲ್ಲಿ ಜಾಕೆಟ್ಟೇ ಒಂದೂವರೆ ಕಿಲೋ ತೂಗುತ್ತದೆ. ಉಪಾಯ ಸರಳ: ದಪ್ಪದ್ದನ್ನೆಲ್ಲ ಮೈಮೇಲೆ ಹಾಕಿಕೊಂಡು ವಿಮಾನ ಹತ್ತುವುದು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಅರ್ಜಿಯ ಜೊತೆ ದಿನವಾರು ಪ್ರವಾಸದ ಪಟ್ಟಿ, ಉಳಿಯುವ ಜಾಗ, ಬ್ಯಾಂಕ್ ದಾಖಲೆ ಕೇಳುತ್ತಾರೆ. ಆದ್ದರಿಂದ ರೂಮನ್ನು ಪುಕ್ಕಟೆ ರದ್ದು ಮಾಡಬಹುದಾದ ದರದಲ್ಲೇ ಕಾದಿರಿಸಿ, ವೀಸಾ ಕೈಗೆ ಬಂದ ಮೇಲೆ ಬೇಕಾದರೆ ಅಗ್ಗದ್ದಕ್ಕೆ ಬದಲಿಸಿ. ಇ-ವೀಸಾ ಬಂದಿದ್ದರೆ ಒಂದು ಎಚ್ಚರಿಕೆ: ಅದನ್ನು ಇಂಟರ್‌ನೆಟ್ ಇರುವ ಫೋನಿನಲ್ಲಿ ತೆರೆದೇ ತೋರಿಸಬೇಕು. ಸ್ಕ್ರೀನ್‌ಶಾಟ್, ಪಿಡಿಎಫ್, ಪ್ರಿಂಟ್ ಯಾವುದೂ ನಡೆಯುವುದಿಲ್ಲ. ಚೆಕ್-ಇನ್ ಕೌಂಟರಿನಲ್ಲಿ ಡೇಟಾ ಮುಗಿದ ಫೋನ್ ಹಿಡಿದು ನಿಲ್ಲುವುದು ಬೇಡ.

ಹೊರಡುವ ಮುನ್ನ 'ವಿಸಿಟ್ ಜಪಾನ್ ವೆಬ್' ತಾಣದಲ್ಲಿ ಇಮಿಗ್ರೇಶನ್ ಮತ್ತು ಕಸ್ಟಮ್ಸ್ ವಿವರ ತುಂಬಿ ಕ್ಯೂಆರ್ ಕೋಡ್ ಪಡೆದುಕೊಳ್ಳಿ. ಪುಕ್ಕಟೆ ಕೆಲಸ, ಹತ್ತು ಹದಿನೈದು ನಿಮಿಷ ಸಾಕು.

ಹೆಜ್ಜೆ 3: ರೂಮ್ ಎಲ್ಲಿ ಹಿಡಿಯಬೇಕು

ಹೊಸಬರು ಶಿಂಜುಕು ಅಥವಾ ಶಿಬುಯಾ ಎಂದು ಹುಡುಕಲು ಕೂರುತ್ತಾರೆ. ಅವು ನೋಡಲು ಸರಿ, ಉಳಿಯಲು ದುಬಾರಿ. ಕಡಿಮೆ ದುಡ್ಡಿಗೆ ಪೂರ್ವದ ಕಡೆ ಬನ್ನಿ: ಅಸಾಕುಸಾ, ಕುರಾಮಾಯೆ, ಉಯೆನೊ. ಇವುಗಳಲ್ಲೂ ಮೊದಲ ಎರಡಕ್ಕೆ ಒಂದು ಗುಣವಿದೆ. ತೊಯೆಯ್ ಅಸಾಕುಸಾ ಲೈನ್ ಎಂಬ ಸಬ್‌ವೇ ಅಲ್ಲಿ ಹಾದುಹೋಗುತ್ತದೆ, ಅದರ ಹಳಿಯ ಮೇಲೆ ನರಿತಾಕ್ಕೂ ಹಾನೆದಾಕ್ಕೂ ನೇರ ರೈಲುಗಳು ಓಡುತ್ತವೆ. ಲಗೇಜು ಹೊತ್ತು ರೈಲು ಬದಲಿಸುವ ಕಾಟವಿಲ್ಲ. ನರಿತಾದಿಂದ ಅಸಾಕುಸಾಕ್ಕೆ ಸುಮಾರು ಒಂದು ಗಂಟೆ, 1300–1400 ಯೆನ್. ಹಾನೆದಾದಿಂದ ಸುಮಾರು 40 ನಿಮಿಷ, 600 ಯೆನ್ ಆಸುಪಾಸು.

ದರದ ಅಂದಾಜು ಹೀಗೆ ಇಟ್ಟುಕೊಳ್ಳಿ. ಹಾಸ್ಟೆಲ್ ಹಾಸಿಗೆ ಅಥವಾ ಕ್ಯಾಪ್ಸೂಲ್ (ಒಬ್ಬರು ಮಲಗುವಷ್ಟೇ ಜಾಗದ ಗೂಡು) 3500ರಿಂದ 5000 ಯೆನ್. ಬಿಸಿನೆಸ್ ಹೋಟೆಲಿನಲ್ಲಿ ಒಬ್ಬರ ರೂಮ್ ವಾರದ ದಿನಗಳಲ್ಲಿ 7000ರಿಂದ 10,000. ಇಬ್ಬರಿದ್ದರೆ ಹಾಸ್ಟೆಲಿನ ಎರಡು ಹಾಸಿಗೆಗಿಂತ ಬಿಸಿನೆಸ್ ಹೋಟೆಲಿನ ಡಬಲ್ ರೂಮೇ ಎಷ್ಟೋ ಸಲ ಅಗ್ಗವಾಗುತ್ತದೆ, ಎರಡನ್ನೂ ಹೋಲಿಸಿ. ಬೆಳಗಿನ ತಿಂಡಿ ಸೇರಿರುವ ತೊಯೊಕೊ ಇನ್‌ನಂಥ ಸರಣಿಗಳಲ್ಲಿ ದಿನಕ್ಕೆ 500 ಯೆನ್ ಉಳಿಯಿತು ಎಂದುಕೊಳ್ಳಿ.

ಬುಕ್ ಮಾಡುವಾಗ ನಾಲ್ಕು ಸಂಗತಿ ಪರೀಕ್ಷಿಸಿ. ರೂಮಿನ ಅಳತೆ: 11–13 ಚದರ ಮೀಟರ್ ಎಂದಿದ್ದರೆ ದೊಡ್ಡ ಸೂಟ್‌ಕೇಸನ್ನು ಬಿಡಿಸಿಡಲು ನೆಲವೇ ಇರುವುದಿಲ್ಲ, ಒಂದು ಪಕ್ಕ ಹಾಸಿಗೆಯ ಮೇಲೇರಬೇಕು. ಹಾಸಿಗೆಯ ಅಗಲ: ಡಬಲ್ ಎಂದರೂ 140 ಸೆಂಟಿಮೀಟರ್ ಇರಬಹುದು. ಸ್ಟೇಷನ್ನಿನಿಂದ ನಡಿಗೆ: 7 ನಿಮಿಷದೊಳಗೆ ಇರಲಿ, ಚಳಿಗಾಲದ ರಾತ್ರಿ ಗಾಳಿಗೆ 15 ನಿಮಿಷ ಎಂದರೆ ಬಹಳ. ಕೊನೆಯದಾಗಿ ಸಿಗರೇಟು: ಧೂಮಪಾನದ ರೂಮು ಕೆಲವು ಹೋಟೆಲುಗಳಲ್ಲಿ ಇನ್ನೂ ಇವೆ, ಅಗ್ಗವೂ ಹೌದು. ಚಳಿಗೆ ಕಿಟಕಿ ಮುಚ್ಚಿ ಮಲಗುವಾಗ ಅದರ ಬೆಲೆ ಗೊತ್ತಾಗುತ್ತದೆ.

ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಬೆಳಗ್ಗೆಯೇ ಬಂದರೆ ಲಗೇಜನ್ನು ಕೌಂಟರಿನಲ್ಲಿ ಬಿಟ್ಟು ಹೋಗಬಹುದು, ದುಡ್ಡಿಲ್ಲ. ಸ್ಟೇಷನ್ನಿನ ಲಾಕರಿಗೆ 500–800 ಯೆನ್ ಸುರಿಯಬೇಕಾಗಿಲ್ಲ.

ಹೆಜ್ಜೆ 4: ರೈಲು, ಕಾರ್ಡು ಮತ್ತು ಎಲ್ಲರೂ ಮಾಡುವ ಎರಡು ತಪ್ಪು

ಮೊದಲ ತಪ್ಪು ಜೆಆರ್ ಪಾಸ್. ಜೆಆರ್ ಎಂದರೆ ಜಪಾನ್ ರೈಲ್ವೇಸ್, ದೇಶದ ದೊಡ್ಡ ರೈಲು ಕಂಪನಿಗಳ ಗುಂಪು. ದೇಶವಿಡೀ ಓಡಾಡುವವರಿಗೆಂದು ಮಾಡಿದ ಈ ಪಾಸು 2023ರ ಅಕ್ಟೋಬರಿನಲ್ಲಿ ಏಳು ದಿನಕ್ಕೆ 29,650ರಿಂದ 50,000 ಯೆನ್‌ಗೆ ಏರಿತು. ಟೋಕಿಯೊ ಒಂದನ್ನೇ ನೋಡುವವರು ಅದರ ಕಡೆ ತಿರುಗಿಯೂ ನೋಡಬೇಕಾಗಿಲ್ಲ.

ಎರಡನೆಯದು ಇನ್ನೂ ಸಾಮಾನ್ಯ. ಪ್ರವಾಸಿಗರಿಗೆಂದು 'ಟೋಕಿಯೊ ಸಬ್‌ವೇ ಟಿಕೆಟ್' ಇದೆ, 24, 48, 72 ಗಂಟೆಗೆ ಸಿಗುತ್ತದೆ. ಟೋಕಿಯೊ ಮೆಟ್ರೊದ 9, ತೊಯೆಯ್‌ನ 4, ಒಟ್ಟು 13 ಮಾರ್ಗಗಳಲ್ಲಿ ಎಷ್ಟು ಸಲ ಬೇಕಾದರೂ ಹತ್ತಿಳಿಯಬಹುದು. ಆದರೆ ಜೆಆರ್ ರೈಲಿಗೆ ಇದು ನಡೆಯುವುದಿಲ್ಲ. ನಕಾಶೆಯಲ್ಲಿ ಎದ್ದುಕಾಣುವ ಯಮಾನೊತೆ ಲೈನ್, ಊರನ್ನು ಒಂದು ಗಂಟೆಯಲ್ಲಿ ಸುತ್ತುವ 30 ಸ್ಟೇಷನ್ನಿನ ಆ ವರ್ತುಲ, ಜೆಆರ್‌ನದು. ಫೋನಿನ ನಕಾಶೆ ಮೊದಲು ಅದನ್ನೇ ತೋರಿಸುತ್ತದೆ. ನೀವು ಸಬ್‌ವೇ ಟಿಕೆಟ್ ಇಟ್ಟುಕೊಂಡೇ ಜೆಆರ್‌ಗೆ ಬೇರೆ ದುಡ್ಡು ಕಟ್ಟುತ್ತಾ ಹೋಗುತ್ತೀರಿ. ಟಿಕೆಟ್ ಚಾಲ್ತಿಯಲ್ಲಿರುವಷ್ಟು ಹೊತ್ತು ಸಬ್‌ವೇ ದಾರಿಯನ್ನೇ ಹುಡುಕಿ, ಐದು ನಿಮಿಷ ಹೆಚ್ಚಾದರೂ ಪರವಾಗಿಲ್ಲ.

ಈ ಟಿಕೆಟ್ ಎಣಿಸುವುದು ಗಂಟೆಯನ್ನು, ದಿನವನ್ನಲ್ಲ. ಗೇಟಿಗೆ ಮೊದಲ ಸಲ ಹಾಕಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಭಾನುವಾರ ಸಂಜೆ ಇಳಿದ ಕೂಡಲೇ ಶುರು ಮಾಡಿದರೆ ಒಂದು ರಾತ್ರಿ ನಿದ್ದೆಗೇ ಹೋಯಿತು. ಸೋಮವಾರ ಬೆಳಗ್ಗೆ 7:30ಕ್ಕೆ ಶುರುಮಾಡಿದ 48 ಗಂಟೆಯ ಟಿಕೆಟ್ ಬುಧವಾರ ಬೆಳಗ್ಗೆ 7:30ರವರೆಗೆ ಬರುತ್ತದೆ, ನಮ್ಮ ದಿನಚರಿಗೆ ಅಷ್ಟೇ ಬೇಕಾಗಿರುವುದು. 48 ಗಂಟೆಗೆ 1200–1500 ಯೆನ್ ಎಂದು ಹಿಡಿಯಿರಿ. ಒಂದು ಸವಾರಿ 180ರಿಂದ 220 ಯೆನ್ ಆದ್ದರಿಂದ ಏಳೆಂಟು ಸವಾರಿಗೆ ಅಸಲು ಬಂತು. ಕೊಳ್ಳುವಾಗ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಉಳಿದ ಓಡಾಟಕ್ಕೆ ಸುಯಿಕಾ ಅಥವಾ ಪಾಸ್ಮೊ ಕಾರ್ಡು. ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸಿದರಾಯಿತು. ರೈಲಿಗೆ, ಬಸ್ಸಿಗೆ, ಅಂಗಡಿಗೆ, ರಸ್ತೆಬದಿಯ ಪಾನೀಯದ ಯಂತ್ರಕ್ಕೂ ನಡೆಯುತ್ತದೆ. ಪ್ರವಾಸಿಗರ ವೆಲ್‌ಕಮ್ ಸುಯಿಕಾಕ್ಕೆ ಠೇವಣಿ ಇಲ್ಲ, 28 ದಿನ ಬಾಳುತ್ತದೆ, ಆದರೆ ಉಳಿದ ದುಡ್ಡು ವಾಪಸ್ ಸಿಗುವುದಿಲ್ಲ. ಹಾಗಾಗಿ ಒಮ್ಮೆಗೇ 5000 ತುಂಬಿಸಬೇಡಿ, ಸಾವಿರ ಸಾವಿರವಾಗಿ ತುಂಬಿಸಿ. ಸ್ಟೇಷನ್ನಿನ ಯಂತ್ರಗಳಿಗೆ ಹೆಚ್ಚಾಗಿ ನಗದೇ ಬೇಕು.

ಕೊನೆಯ ರೈಲು ಮಧ್ಯರಾತ್ರಿಯ ಆಸುಪಾಸು, ಮೊದಲನೆಯದು ಬೆಳಗಿನ 5ಕ್ಕೆ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಟ್ಯಾಕ್ಸಿಗೆ ಶೇಕಡಾ 20 ಹೆಚ್ಚು. ದೊಡ್ಡ ಲಗೇಜು ಇಟ್ಟುಕೊಂಡು ಬೆಳಗ್ಗೆ 7:30ರಿಂದ 9:30ರ ನಡುವೆ ರೈಲು ಹತ್ತುವ ಸಾಹಸ ಬೇಡ. ಇನ್ನು ಶಿಂಜುಕು ಸ್ಟೇಷನ್. ಅದಕ್ಕೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. ತಪ್ಪು ಬಾಗಿಲಿನಿಂದ ಹೊರಬಂದರೆ ಚಳಿಯಲ್ಲಿ ಅರ್ಧ ಕಿಲೋಮೀಟರ್ ಸುತ್ತು. ಒಳಗಿರುವಾಗಲೇ ಬಾಗಿಲಿನ ಹೆಸರು ಅಥವಾ ಸಂಖ್ಯೆ ನೋಡಿಕೊಂಡು, ಹಳದಿ ಫಲಕ ಹಿಡಿದು ನಡೆಯಿರಿ.

ಹೆಜ್ಜೆ 5: ಪೆಟ್ಟಿಗೆಯಲ್ಲಿ ಏನಿರಬೇಕು

ಹೊರಗೆ 5 ಡಿಗ್ರಿ, ರೈಲಿನೊಳಗೆ ಸೀಟಿನ ಕೆಳಗಿಂದಲೇ ಬಿಸಿ, ಅಂಗಡಿಗಳಲ್ಲಿ 24 ಡಿಗ್ರಿ. ಒಂದೇ ದಪ್ಪ ಸ್ವೆಟರ್ ಹಾಕಿದವರು ಹೊರಗೆ ನಡುಗಿ ಒಳಗೆ ಬೆವರುತ್ತಾರೆ, ಆ ಬೆವರು ಹೊರಗೆ ಬಂದಾಗ ಮತ್ತೆ ತಣ್ಣಗಾಗಿ ನೆಗಡಿಗೆ ದಾರಿ. ಮೈಗೆ ಅಂಟುವ ತೆಳು ಥರ್ಮಲ್ ಎರಡು ಜೊತೆ, ಮೇಲೆ ಒಂದು ಶರ್ಟು ಅಥವಾ ಫ್ಲೀಸ್, ಎಲ್ಲದರ ಮೇಲೆ ಗಾಳಿ ತಡೆಯುವ ಜಾಕೆಟ್. ಕುತ್ತಿಗೆಗೆ ಮಫ್ಲರ್, ಕಿವಿಗೆ ಟೋಪಿ. ಥರ್ಮಲ್ ಇಲ್ಲದಿದ್ದರೆ ಅಲ್ಲೇ ಯುನಿಕ್ಲೊದಲ್ಲಿ ಹೀಟ್‌ಟೆಕ್ ಬನಿಯನ್ ಕೊಳ್ಳಬಹುದು.

ಬೂಟು ಸುಲಭವಾಗಿ ಬಿಚ್ಚುವಂತಿರಲಿ, ಕಾಲುಚೀಲಕ್ಕೆ ತೂತಿರದಿರಲಿ. ದೇಗುಲ, ಕೆಲವು ಊಟದ ಮನೆ, ಹಾಸ್ಟೆಲ್, ಎಲ್ಲ ಕಡೆ ಬಿಚ್ಚಬೇಕು. ಗಾಳಿ ಒಣ, ರೂಮಿನ ಹೀಟರ್ ಇನ್ನೂ ಒಣಗಿಸುತ್ತದೆ. ಎರಡನೇ ಬೆಳಗ್ಗೆಗೇ ತುಟಿ ಒಡೆದು ಮೂಗು ಉರಿಯುತ್ತದೆ. ವ್ಯಾಸಲೀನ್ ತನ್ನಿ. ಹೋಟೆಲಿನಲ್ಲಿ ಹ್ಯುಮಿಡಿಫೈಯರ್ ಕೇಳಿ, ಇಲ್ಲವಾದರೆ ಒದ್ದೆ ಟವೆಲನ್ನು ತಲೆಯ ಬಳಿ ನೇತುಹಾಕಿ ಮಲಗಿ.

ಕೈಬಿಸಿಯ ಪೊಟ್ಟಣಗಳಿಗೆ ಅಲ್ಲಿ 'ಕೈರೊ' ಎನ್ನುತ್ತಾರೆ, ದಾಯ್ಸೊದಂಥ 100 ಯೆನ್ ಅಂಗಡಿಗಳಲ್ಲಿ ಸಿಗುತ್ತವೆ. ಒಳಗಿರುವ ಕಬ್ಬಿಣದ ಪುಡಿ ಗಾಳಿಗೆ ತಾಗಿ ತುಕ್ಕು ಹಿಡಿಯುವಾಗ ಬಿಸಿಯಾಗುತ್ತದೆ. ಅಂಟಿಸುವ ಬಗೆಯದನ್ನು ಬಟ್ಟೆಯ ಮೇಲೆ ಮಾತ್ರ ಅಂಟಿಸಬೇಕು. ಚರ್ಮಕ್ಕೆ ನೇರವಾಗಿ ತಾಗಿದರೆ ನಿಧಾನವಾಗಿ ಸುಟ್ಟು ಬೊಬ್ಬೆ ಏಳುತ್ತದೆ, ನಿದ್ದೆಯಲ್ಲಿ ಗೊತ್ತೂ ಆಗುವುದಿಲ್ಲ.

ಔಷಧದಲ್ಲಿ ಎಚ್ಚರ. ಸ್ಯೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆ ಜಪಾನಿಗೆ ತರುವಂತಿಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಕಟ್ಟುನಿಟ್ಟಿದೆ. ಮಾತ್ರೆಯ ಹಾಳೆಯ ಹಿಂದಿನ ಸಣ್ಣಕ್ಷರ ಓದಿಯೇ ಪ್ಯಾಕ್ ಮಾಡಿ. ಹಸಿ ಹಣ್ಣು, ತರಕಾರಿ, ಕರಿಬೇವಿಗೂ ಸಸ್ಯ ತಪಾಸಣೆಯ ಪತ್ರ ಬೇಕು, ಮಾಂಸದ ಪದಾರ್ಥ ಬೇಡವೇ ಬೇಡ.

ವಿದ್ಯುತ್ತು 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಫೋನ್ ಚಾರ್ಜರಿಗೆ ಅಡಾಪ್ಟರ್ ಸಾಕು. ಮನೆಯಿಂದ ನೀರು ಕಾಯಿಸುವ ಕೆಟಲ್ ಒಯ್ಯಬೇಡಿ. 230 ವೋಲ್ಟಿಗೆ ಮಾಡಿದ ಕೆಟಲ್ ಅಲ್ಲಿ ಐದನೇ ಒಂದು ಭಾಗದಷ್ಟು ಶಕ್ತಿಯಲ್ಲಿ ಮಾತ್ರ ಕಾಯುತ್ತದೆ. ಬಹುತೇಕ ಹೋಟೆಲ್ ರೂಮಿನಲ್ಲಿ ಕೆಟಲ್ ಇದ್ದೇ ಇರುತ್ತದೆ.

ಹೆಜ್ಜೆ 6: ಊಟ

ಗ್ಯೂದೊನ್ ಅಂಗಡಿಗಳು, ಅಂದರೆ ಯೊಶಿನೊಯಾ, ಸುಕಿಯಾ, ಮತ್ಸುಯಾ, ಅನ್ನದ ಮೇಲೆ ಬೇಯಿಸಿದ ಗೋಮಾಂಸ ಹಾಕಿದ ಬಟ್ಟಲನ್ನು 400–550 ಯೆನ್‌ಗೆ ಕೊಡುತ್ತವೆ. ಮತ್ಸುಯಾದಲ್ಲಿ ಬಾಗಿಲ ಬಳಿಯ ಯಂತ್ರದಲ್ಲೇ ಟಿಕೆಟ್ ಕೊಳ್ಳಬೇಕು, ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಗುಂಡಿ ಇರುತ್ತದೆ. ಸಣ್ಣ ಹೋಟೆಲಿನ ಮಧ್ಯಾಹ್ನದ ತೆಯ್ಶೊಕು, ಅಂದರೆ ಅನ್ನ, ಸೂಪು ಸೇರಿದ ಸೆಟ್ ಊಟ, 800ರಿಂದ 1000. ಅದೇ ಹೋಟೆಲು ರಾತ್ರಿ ಎರಡರಷ್ಟು ಕೇಳಬಹುದು, ಆದ್ದರಿಂದ ದೊಡ್ಡ ಊಟ ಮಧ್ಯಾಹ್ನಕ್ಕಿರಲಿ. ಟಿಪ್ಸ್ ಪದ್ಧತಿ ಇಲ್ಲ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ಜೊತೆಗಿರಲಿ.

ರಾತ್ರಿಯೂಟಕ್ಕೆ ಸೂಪರ್‌ಮಾರ್ಕೆಟ್. ಸಂಜೆ 7ರ ನಂತರ ಕೆಲಸದವರು ಬುತ್ತಿ ಡಬ್ಬಿಗಳ ಮೇಲೆ ಹಳದಿ, ಕೆಂಪು ಚೀಟಿ ಅಂಟಿಸುತ್ತಾ ಬರುತ್ತಾರೆ. ಮೊದಲು ಶೇಕಡಾ 20 ಕಡಿತ, ಆಮೇಲೆ 30, ಮುಚ್ಚುವ ಹೊತ್ತಿಗೆ 'ಹಂಗಾಕು', ಅರ್ಧ ಬೆಲೆ. ಅಲ್ಲಿನ ಗಿರಾಕಿಗಳು ಚೀಟಿಯವರ ಹಿಂದೆಯೇ ಹಾಗೇ ಸುಮ್ಮನೆ ಅಡ್ಡಾಡುವವರಂತೆ ನಟಿಸುವುದನ್ನು ನೋಡುವುದೇ ಒಂದು ಮೋಜು. ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆಯಲ್ಲೂ ಮುಚ್ಚುವ ಮುಂಚಿನ ಒಂದು ಗಂಟೆ ಇದೇ ಕಥೆ.

ಬೀದಿಯಲ್ಲಿ ಚಳಿ ಹತ್ತಿದಾಗ ಪಾನೀಯದ ಯಂತ್ರದ ಹತ್ತಿರ ಹೋಗಿ. ಬಾಟಲಿಯ ಕೆಳಗಿನ ಪಟ್ಟಿ ನೀಲಿಯಿದ್ದರೆ ತಣ್ಣಗಿನದು, ಕೆಂಪಿದ್ದರೆ ಬಿಸಿ. 130–180 ಯೆನ್‌ಗೆ ಬಿಸಿ ಚಹಾದ ಬಾಟಲಿ ಗಡಗಡನೆ ಬೀಳುತ್ತದೆ. ಕುಡಿಯುವ ಮೊದಲು ಅದನ್ನು ಜಾಕೆಟ್ ಜೇಬಿನಲ್ಲಿಟ್ಟು ಎರಡೂ ಕೈ ಬಿಸಿ ಮಾಡಿಕೊಳ್ಳುವುದು ಅಲ್ಲಿನವರ ರೂಢಿ.

ಸಸ್ಯಾಹಾರಿಗಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ತೊಡಕು ಮಾಂಸದ ತುಂಡಿನದಲ್ಲ, 'ದಾಶಿ'ಯದು. ಒಣಮೀನಿನ ಚೂರನ್ನು ಕುದಿಸಿ ತೆಗೆದ ಈ ಸಾರು ಊದೊನ್ ಮತ್ತು ಸೋಬಾ ನೂಡಲ್ಸ್, ಮಿಸೊ ಸೂಪು, ತರಕಾರಿ ಪಲ್ಯ ಎಲ್ಲದರಲ್ಲೂ ಇರುತ್ತದೆ. 'ಮಾಂಸ ಬೇಡ' ಎಂದರೆ ಬಡಿಸುವವರು ಒಪ್ಪಿಕೊಂಡು ತರಕಾರಿ ಊದೊನ್ ತರುತ್ತಾರೆ, ಅವರ ಲೆಕ್ಕದಲ್ಲಿ ಸಾರಿನಲ್ಲಿ ಮಾಂಸವಿಲ್ಲ. 'ನಿಕು ಮೊ ಸಕಾನಾ ಮೊ ತಾಬೆಮಾಸೆನ್', ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂದು ಹೇಳಿ. ದಾಶಿಯೂ ಬೇಡ ಎನ್ನುವುದನ್ನು ಜಪಾನಿ ಭಾಷೆಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಸೈಜೆರಿಯಾ ಎಂಬ ಇಟಾಲಿಯನ್ ಸರಣಿಯಲ್ಲಿ ಸಣ್ಣ ಪಿಜ್ಜಾ 400 ಯೆನ್ ಆಸುಪಾಸಿಗೆ ಸಿಗುತ್ತದೆ. ಸೆವೆನ್-ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್‌ಗಳಲ್ಲಿ ಉಪ್ಪಿನ ಹುಳಿಪ್ಲಮ್ ಇಟ್ಟ 'ಉಮೆ' ಒನಿಗಿರಿ, ಅಂದರೆ ಕಡಲಸೊಪ್ಪು ಸುತ್ತಿದ ಅನ್ನದುಂಡೆ, 150–200 ಯೆನ್. ಅದರ ಹೊದಿಕೆಯ ಮೇಲೆ 1, 2, 3 ಎಂದಿರುತ್ತದೆ. 1ನ್ನು ನಡುವಿನಿಂದ ಪೂರ್ತಿ ಸುತ್ತ ಎಳೆದು, ಆಮೇಲೆ 2 ಮತ್ತು 3ರ ಮೂಲೆ ಎಳೆಯಬೇಕು. ಕ್ರಮ ತಪ್ಪಿದರೆ ಗರಿಗರಿ ಕಡಲಸೊಪ್ಪು ಪ್ಲಾಸ್ಟಿಕ್ಕಿಗೆ ಅಂಟಿ ಬಂದು ಬರೀ ಅನ್ನದುಂಡೆ ಕೈಯಲ್ಲಿ ಉಳಿಯುತ್ತದೆ. ಬಿಸಿನೀರು ಸುರಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ನಾಲ್ಕೈದು ತಂದರೆ ಬೆಳಗಿನ ಚಿಂತೆ ಮುಗಿಯಿತು.

ಹೆಜ್ಜೆ 7: ದಿನಚರಿ

ಭಾನುವಾರ ಇಳಿದು, ಲಗೇಜು ಬಿಟ್ಟು, ಅಸಾಕುಸಾದ ಸುತ್ತ ಮಾತ್ರ ತಿರುಗಿ. ಸೆನ್ಸೊಜಿ ದೇವಾಲಯದ ಆವರಣ ರಾತ್ರಿಯೂ ತೆರೆದಿರುತ್ತದೆ, ಅಂಗಡಿ ಮುಚ್ಚಿದ ಮೇಲೆ ದೀಪದ ಬೆಳಕಿನಲ್ಲಿ ಹಗಲಿಗಿಂತ ಚೆಂದ. ಎದುರಿಗಿರುವ ಪ್ರವಾಸಿ ಮಾಹಿತಿ ಕೇಂದ್ರದ 8ನೇ ಮಹಡಿಗೆ ಪುಕ್ಕಟೆ ಹತ್ತಿ ಇಡೀ ಬೀದಿಯನ್ನೂ ಸ್ಕೈಟ್ರೀ ಗೋಪುರವನ್ನೂ ನೋಡಬಹುದು.

ಸೋಮವಾರ ಬಹುಪಾಲು ಮ್ಯೂಸಿಯಂಗಳಿಗೆ ರಜೆ, ಅದಕ್ಕೇ ಪಶ್ಚಿಮದ ಕಡೆ ಹೊರಡಿ. 1927ರಲ್ಲಿ ಶುರುವಾದ ಗಿಂಜಾ ಲೈನ್ ಹಿಡಿದು ಓಮೊತೆಸಾಂದೊದಲ್ಲಿ ಇಳಿದು, ಚಿಯೊದಾ ಲೈನಿನಲ್ಲಿ ಒಂದೇ ಸ್ಟೇಷನ್ ಹೋದರೆ ಮೇಜಿ ದೇಗುಲ. ಪ್ರವೇಶ ಪುಕ್ಕಟೆ. ಸೂರ್ಯನ ಜೊತೆ ತೆರೆದು ಸೂರ್ಯನ ಜೊತೆ ಮುಚ್ಚುವ ಜಾಗ, ಆದ್ದರಿಂದ ಬೆಳಗ್ಗೆಯೇ ಸರಿ. ಅಲ್ಲಿಂದ ಹರಾಜುಕು ದಾಟಿ ಶಿಬುಯಾಕ್ಕೆ ನಡಿಗೆ, ಆಮೇಲೆ ಫುಕುತೊಶಿನ್ ಲೈನಿನಲ್ಲಿ ಶಿಂಜುಕು-ಸಾಂಚೊಮೆ. ಸಂಜೆ 4ರೊಳಗೆ ಟೋಕಿಯೊ ಮಹಾನಗರ ಸರ್ಕಾರದ ಕಟ್ಟಡದ 45ನೇ ಮಹಡಿಯಲ್ಲಿ ಇರಿ. 202 ಮೀಟರ್ ಎತ್ತರ, ಒಂದು ಯೆನ್ ಕೊಡಬೇಕಾಗಿಲ್ಲ. ಫ್ಯೂಜಿಯ ಹಿಂದೆ ಆಕಾಶ ಕೆಂಪಾಗುವುದನ್ನು ನೋಡಿ, ಊರಿಗೆ ದೀಪ ಹತ್ತುವವರೆಗೆ ಅಲ್ಲೇ ನಿಲ್ಲಿ. ದುಡ್ಡು ಕೊಟ್ಟು ಹತ್ತುವ ಗೋಪುರ ಯಾವುದೂ ಇದಕ್ಕಿಂತ ಹೆಚ್ಚೇನೂ ಕೊಡುವುದಿಲ್ಲ.

ಮಂಗಳವಾರ ಸೆನ್ಸೊಜಿಯ ಮುಖ್ಯ ಮಂದಿರಕ್ಕೆ ಬೆಳಗ್ಗೆ 7ಕ್ಕೆ ಹೋಗಿ. ಚಳಿಗಾಲದಲ್ಲಿ 6:30ಕ್ಕೆ ತೆರೆಯುತ್ತದೆ. 9:30ಕ್ಕೆ ಉಯೆನೊದ ರಾಷ್ಟ್ರೀಯ ಮ್ಯೂಸಿಯಂ, 1000 ಯೆನ್. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಮೂರು ಗಂಟೆ ಎತ್ತಿಡಿ. ಜನವರಿಯ ಎರಡನೇ ಸೋಮವಾರದ ವಾರದಲ್ಲಿ ಹೋಗುತ್ತಿದ್ದರೆ ಈ ಎರಡು ದಿನಗಳನ್ನು ಅದಲುಬದಲು ಮಾಡಿ: ರಜೆಯ ಸೋಮವಾರ ಮ್ಯೂಸಿಯಂ ತೆರೆದು ಮಂಗಳವಾರ ಮುಚ್ಚುತ್ತದೆ. ಸಾಮಾನ್ಯವಾಗಿ ಆ ದಿನಗಳಲ್ಲೇ ರ್ಯೊಗೊಕುವಿನಲ್ಲಿ 15 ದಿನಗಳ ಜನವರಿ ಸುಮೊ ಪಂದ್ಯಾವಳಿ ನಡೆಯುತ್ತಿರುತ್ತದೆ. ಮೇಲಿನ ಮಹಡಿಯ ಕುರ್ಚಿಗಳೇ ಅಗ್ಗ, ಅವೂ ಸುಮಾರು ಒಂದು ತಿಂಗಳು ಮೊದಲೇ ಮಾರಾಟಕ್ಕೆ ಬಂದು ಬೇಗ ಖಾಲಿಯಾಗುತ್ತವೆ. ಫೆಬ್ರವರಿಯಾದರೆ ಮಧ್ಯಾಹ್ನ ಯುಶಿಮಾ ತೆನ್‌ಜಿನ್ ದೇಗುಲಕ್ಕೆ ನಡೆದು ಬನ್ನಿ, ಸುಮಾರು 300 ಪ್ಲಮ್ ಮರಗಳು ಹೂಬಿಡುವ ಕಾಲ. ಸಂಜೆ ಕತ್ತಲಾದ ಮೇಲೆ ಬಡಾವಣೆಯ 'ಸೆಂತೊ', ಸಾರ್ವಜನಿಕ ಬಿಸಿನೀರಿನ ಸ್ನಾನದ ಮನೆ, 550 ಯೆನ್ ಸುಮಾರು. ತೊಟ್ಟಿಗೆ ಇಳಿಯುವ ಮೊದಲು ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಾಕಿ ಪೂರ್ತಿ ತೊಳೆದುಕೊಂಡಿರಬೇಕು. ತೊಟ್ಟಿಯಲ್ಲಿ ಸೋಪೂ ಇಲ್ಲ, ಬಟ್ಟೆಯೂ ಇಲ್ಲ.

ಬುಧವಾರ ತಕಾಓ ಬೆಟ್ಟ. ಶಿಂಜುಕುವಿನಿಂದ ಕೆಯೊ ರೈಲಿನಲ್ಲಿ ಒಂದು ಗಂಟೆಯೊಳಗೆ, 430 ಯೆನ್ ಆಸುಪಾಸು. ಎತ್ತರ 599 ಮೀಟರ್. ಒಂದನೇ ದಾರಿ ಸಿಮೆಂಟಿನದು, ಹತ್ತಲು ಒಂದೂವರೆ ಗಂಟೆ. ಕಾಲು ಬೇಡವೆಂದರೆ ಅರ್ಧ ದಾರಿಗೆ ಕೇಬಲ್ ಕಾರ್ ಇದೆ. 11ರೊಳಗೆ ತುದಿ ಮುಟ್ಟಿದರೆ ಫ್ಯೂಜಿ ಸ್ಪಷ್ಟ. ಹಿಂದಿನ ದಿನ ಹಿಮ ಬಿದ್ದಿದ್ದರೆ ತೊರೆಯ ಪಕ್ಕದ ಆರನೇ ದಾರಿ ಬೇಡ, ಕಲ್ಲುಗಳ ಮೇಲೆ ನೀರು ಹೆಪ್ಪುಗಟ್ಟಿರುತ್ತದೆ. ಡಿಸೆಂಬರ್ 22ರ ಹಿಂದುಮುಂದು ಹೋದವರಿಗೆ ಸೂರ್ಯ ನೇರ ಫ್ಯೂಜಿಯ ನೆತ್ತಿಯ ಮೇಲೆ ಮುಳುಗುವ ನೋಟ ಸಿಗುತ್ತದೆ. ಆಗ ಇಳಿಯುವಷ್ಟರಲ್ಲಿ ಕಗ್ಗತ್ತಲು, ಟಾರ್ಚ್ ಬೇಕು.

ಗುರುವಾರ ಅರಮನೆಯ ಪೂರ್ವ ಉದ್ಯಾನ, ಪುಕ್ಕಟೆ, ಓತೆಮಾಚಿ ಸ್ಟೇಷನ್ನಿನ ಪಕ್ಕ. ಸೋಮವಾರ, ಶುಕ್ರವಾರ ರಜೆ ಇರುವುದರಿಂದ ಇದನ್ನು ಕೊನೆಗೆ ಉಳಿಸಿದ್ದು. ಸಮಯವಿದ್ದರೆ ತ್ಸುಕಿಜಿ ಹೊರ ಮಾರುಕಟ್ಟೆ, ಆದರೆ ಅದು ಮಧ್ಯಾಹ್ನಕ್ಕೆಲ್ಲ ಮುದುಡುತ್ತದೆ.

ಒಬ್ಬರ ಖರ್ಚು, ವಿಮಾನ ಮತ್ತು ವೀಸಾ ಬಿಟ್ಟು

ಹಾಸ್ಟೆಲ್ ನಾಲ್ಕು ರಾತ್ರಿ 20,000 ಯೆನ್. ಊಟ ದಿನಕ್ಕೆ 2500ರಂತೆ ಐದು ದಿನಕ್ಕೆ 12,500. ವಿಮಾನ ನಿಲ್ದಾಣಕ್ಕೆ ಹೋಗಿ ಬರಲು 3000. ಊರೊಳಗಿನ ಓಡಾಟ, ತಕಾಓ ಸೇರಿ, 4000. ಪ್ರವೇಶ ಶುಲ್ಕ, ಸೆಂತೊ ಇತ್ಯಾದಿ 4000. ಇ-ಸಿಮ್ 2000. ಕೈಮೀರಿದ್ದಕ್ಕೆ 5000. ಒಟ್ಟು 50,500 ಯೆನ್. ಇದರಲ್ಲಿ 20,000 ನಗದಾಗಿರಲಿ. ಸೆವೆನ್-ಇಲೆವೆನ್ ಒಳಗಿನ ಎಟಿಎಂ ವಿದೇಶಿ ಕಾರ್ಡುಗಳನ್ನು ಒಪ್ಪುತ್ತದೆ. ಕಾರ್ಡು ಉಜ್ಜುವಾಗ 'ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರಾ' ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಯೆನ್ ಆರಿಸಿ. ಒಪ್ಪಿಕೊಂಡರೆ ವಿನಿಮಯ ದರದಲ್ಲೇ ಕೆಲವು ಶೇಕಡಾ ಹೋಗುತ್ತದೆ.

ಹೊರಡುವ ದಿನ

ಹಿಂದಿನ ರಾತ್ರಿಯೇ ಹವಾಮಾನ ನೋಡಿ. ಟೋಕಿಯೊಗೆ ಹಿಮ ಅಪರೂಪ, ಅದಕ್ಕೇ ನಾಲ್ಕೈದು ಸೆಂಟಿಮೀಟರ್ ಬಿದ್ದರೂ ರೈಲುಗಳು ತಡವಾಗಿ, ಬಸ್ಸುಗಳು ನಿಂತುಬಿಡುತ್ತವೆ. ಹಿಮದ ಸೂಚನೆಯಿದ್ದರೆ ಬಸ್ ಟಿಕೆಟ್ ಬಿಟ್ಟು ರೈಲು ಹಿಡಿಯಿರಿ, ಎರಡು ಗಂಟೆ ಮೊದಲೇ ಹೊರಡಿ. ಅಗ್ಗದ ವಿಮಾನಗಳು ಬಳಸುವ ನರಿತಾದ 3ನೇ ಟರ್ಮಿನಲ್‌ಗೆ ರೈಲು ಹೋಗುವುದಿಲ್ಲ. 2ನೇ ಟರ್ಮಿನಲ್‌ನಲ್ಲಿ ಇಳಿದು ಲಗೇಜು ಎಳೆದುಕೊಂಡು ನಡೆಯಲು 15 ನಿಮಿಷ ಬೇಕು. ಸುಯಿಕಾದಲ್ಲಿ ಉಳಿದ ಚಿಲ್ಲರೆಯನ್ನು ಟರ್ಮಿನಲ್ಲಿನ ಅಂಗಡಿಯಲ್ಲಿ ಮುಗಿಸಿ. ಕಾರ್ಡಿನಲ್ಲಿರುವಷ್ಟು ಮೊದಲು ಕಳೆದು ಬಾಕಿಯನ್ನು ನಾಣ್ಯದಲ್ಲಿ ತೆಗೆದುಕೊಳ್ಳಿ ಎಂದರೆ ಬಹಳ ಕಡೆ ಒಪ್ಪುತ್ತಾರೆ.